ಎರಡು ನಿಮಿಷ ತಡವಾದ ಮಡೆಪ್ಪನ ದನಿ

ವಿಶ್ವವಿದ್ಯಾಲಯದ ಆನ್‌ಲೈನ್ ಕಲಿಕಾ ಕೋಶದ ಮಾನ್ಯ ನಿರ್ದೇಶಕರೇ,

ನಿಮ್ಮ ಪೋರ್ಟಲ್ಲಿನ ಒಳಗೆ ಒಬ್ಬ ಕುರಿಗಾಹಿಯ ದನಿ ಸಿಕ್ಕಿಕೊಂಡಿದೆ. ಇದೇ ಮಾರ್ಚ್ ಇಪ್ಪತ್ತೆಂಟರ ಸಂಜೆ ಐದಕ್ಕೆ ಅದು ತಾನಾಗಿಯೇ ಅಳಿಸಿಹೋಗುತ್ತದೆ. ಅಷ್ಟರೊಳಗೆ ತೆಗೆದುಕೊಡಿ ಎಂದು ನಾನು ನಾಲ್ಕು ಸಲ ಬರೆದೆ. ನಾಲ್ಕು ಸಲವೂ ನಿಮ್ಮ ಯಂತ್ರ ಉತ್ತರ ಕೊಟ್ಟಿತು, ನೀವು ಕೊಡಲಿಲ್ಲ. ಆದ್ದರಿಂದ ಐದನೆಯದನ್ನು ಜಿಲ್ಲೆಯ ಜನರೆಲ್ಲ ಓದಲೆಂದು ಪತ್ರಿಕೆಗೆ ಕೊಡುತ್ತಿದ್ದೇನೆ. ಇನ್ನು ಒಂಬತ್ತು ದಿನ ಉಳಿದಿವೆ.

ನಾನು ಬೀದರದಲ್ಲಿ ಇಪ್ಪತ್ತಾರು ವರ್ಷಗಳಿಂದ ಸಮಾಜಶಾಸ್ತ್ರ ಹೇಳಿಕೊಡುತ್ತಿರುವ ಉಪನ್ಯಾಸಕಿ. ಭಾಲ್ಕಿ ಮತ್ತು ಔರಾದದ ಕಾಲೇಜುಗಳಲ್ಲಿ ನನ್ನ ವಿಷಯದ ಹುದ್ದೆಗಳು ಖಾಲಿ ಬಿದ್ದು ಎಷ್ಟೋ ಕಾಲವಾಯಿತು. ಹುದ್ದೆ ತುಂಬುವುದು ಕಷ್ಟ, ಲಿಂಕ್ ಕಳಿಸುವುದು ಸುಲಭ ಎಂಬ ಮಹಾಸತ್ಯವನ್ನು ತಮ್ಮ ಕೋಶ ಕಂಡುಕೊಂಡ ದಿನದಿಂದ ಮೂರೂ ಊರಿನ ಮಕ್ಕಳಿಗೆ ನಾನೊಬ್ಬಳೇ ಗತಿ. ವಾರದಲ್ಲಿ ನಾಲ್ಕು ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಬೀದರದ ಒಂದು ಕೋಣೆಯಲ್ಲಿ ಕೂತು ಪರದೆಗೆ ಪಾಠ ಹೇಳುತ್ತೇನೆ. ಮುಖಗಳಿರಬೇಕಾದ ಕಡೆ ಕಪ್ಪು ಚೌಕಗಳು, ಅವುಗಳ ಮೇಲೆ ಹೆಸರುಗಳು. ಕೇಳಿಸುತ್ತಿದೆಯಾ ಎಂದರೆ ಒಂದೆರಡು ಚೌಕ ಮಾತ್ರ ಹೂಂ ಅನ್ನುತ್ತವೆ.

ಹುಡುಗರು ಸುಳ್ಳು ಹೇಳುವುದಿಲ್ಲ ಎಂದು ನಾನು ವಾದಿಸಲು ಬಂದಿಲ್ಲ. ಹೇಳುತ್ತಾರೆ, ದಂಡಿಯಾಗಿ ಹೇಳುತ್ತಾರೆ. ಔರಾದದ ಗೋರಖನಾಥ ಎಂಬ ವಿದ್ಯಾರ್ಥಿಯ ಚಾರ್ಜರನ್ನು ಒಂದೇ ಸೆಮಿಸ್ಟರಿನಲ್ಲಿ ಇಲಿ ಮೂರು ಸಲ ಕಡಿದಿದೆ. ಒಂದು ದಿನ ಅವನು "ನೆಟ್‌ವರ್ಕ್ ಇಲ್ರಿ ಮೇಡಂ, ನಿಮ್ಮ ದನಿ ಕೇಳವಲ್ದು" ಎಂದು ಕೂಗುತ್ತಿರುವಾಗ ಅವನ ಹಿಂದಿನಿಂದ ಕ್ರಿಕೆಟ್ ಕಾಮೆಂಟರಿ ಸ್ವಚ್ಛವಾಗಿ ಕೇಳುತ್ತಿತ್ತು. ಇಂಥವರನ್ನು ಕಂಡು ಕಂಡು ನನ್ನ ಬಾಯಿ, ಅದು ಮೊದಲೇ ಖಾರ, ಇನ್ನಷ್ಟು ಖಾರವಾಯಿತು. ಪಾಠ ಶುರುವಾಗುವ ಮುಂಚೆ ಐದು ನಿಮಿಷ 'ಇವತ್ತಿನ ನೆಪ' ಅಂತ ಒಂದು ಪದ್ಧತಿ ಇಟ್ಟುಕೊಂಡೆ. ತಡವಾಗಿ ಕೆಲಸ ಒಪ್ಪಿಸಿದವರು ಕಳಿಸಿದ ಕಾರಣಗಳಲ್ಲಿ ಒಂದನ್ನು ಆರಿಸಿ, ರಾಗವಾಗಿ ಎಲ್ಲರೆದುರು ಓದುವುದು. ಎಲ್ಲರೂ ನಗುವುದು. ಆ ಐದು ನಿಮಿಷ ಮಾತ್ರ ಕಪ್ಪು ಚೌಕಗಳಿಗೆ ಜೀವ ಬರುತ್ತಿತ್ತು, ನನಗೂ ಅದೇ ಬೇಕಾಗಿತ್ತು.

ಹೋದ ಅಕ್ಟೋಬರಿನಲ್ಲಿ ಒಂದು ದಿನ ನಾನು ಓದಿದ ನೆಪ ಇದು: "ಮೇಡಂ, ಫೋನ್ ಕುರಿ ಸಂಗಟ ಹೋಗ್ಯಾದ್ರಿ. ಸಂಜೀಕ ಬಂದಮ್ಯಾಲ ಕಳಸ್ತೇನ್ರಿ." ಬರೆದವಳು ಸಿದ್ದೇಶ್ವರಿ, ಭಾಲ್ಕಿ ತಾಲ್ಲೂಕಿನ ಮೆಹಕರದ ಹುಡುಗಿ, ಬಿ.ಎ. ಎರಡನೇ ವರ್ಷ. ನಗು ನಿಲ್ಲಲೇ ಇಲ್ಲ. ಗೋರಖನಾಥ "ಮೇಡಂ, ಹಂಗಾದ್ರ ಕುರಿಗೇ ಅಟೆಂಡೆನ್ಸ್ ಹಾಕ್ರಿ" ಅಂದ. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು. ಆ ಹೊತ್ತಿಗೆ ಆ ಹುಡುಗಿ ತರಗತಿಯಲ್ಲಿ ಇರಲಿಲ್ಲ, ಹೇಗೆ ಇದ್ದಾಳು? ಫೋನು ನಿಜವಾಗಿ ಕುರಿಗಳ ಜೊತೆ ಹೋಗಿತ್ತು. ಸಂಜೆ ತರಗತಿಯ ರೆಕಾರ್ಡಿಂಗ್ ಹಾಕಿಕೊಂಡು ಪಾಠ ಕೇಳುವುದು ಅವಳ ರೂಢಿ. ಅಂದರೆ ನಮ್ಮ ನಗುವನ್ನು ಅವಳು ಮೊದಲಿನಿಂದ ಕೊನೆಯವರೆಗೆ ಕೇಳಿದ್ದಾಳೆ.

ಈಗ ನಿಮ್ಮ ಸುತ್ತೋಲೆಗೆ ಬರುತ್ತೇನೆ. ಡಿಸೆಂಬರಿನಲ್ಲಿ ಅದು ಬಂತು. ಗಡುವು ಮೀರಿದ ಯಾವ ಕಡತವೂ ಸ್ವೀಕೃತವಲ್ಲ. ತಾಂತ್ರಿಕ ತೊಂದರೆ ಇದ್ದರೆ, ತೊಂದರೆಯಾದ ಸಮಯದ ಸ್ಕ್ರೀನ್‌ಶಾಟನ್ನು ವಿದ್ಯಾರ್ಥಿಯು ಅಂದೇ ಪೋರ್ಟಲ್ಲಿಗೆ ಏರಿಸಬೇಕು, ಆಗ ಉಪನ್ಯಾಸಕರು ಇಪ್ಪತ್ತನಾಲ್ಕು ಗಂಟೆಯೊಳಗೆ 'ಮನ್ನಿಸು' ಎಂಬ ಗುಂಡಿ ಒತ್ತಬಹುದು. ಅಲ್ಲ ಸ್ವಾಮಿ, ನೆಟ್‌ವರ್ಕ್ ಇಲ್ಲ ಎಂಬುದರ ಪುರಾವೆಯನ್ನು ಅದೇ ನೆಟ್‌ವರ್ಕಿನಲ್ಲಿ ಕಳಿಸು ಅನ್ನುತ್ತೀರಲ್ಲ, ಬಾವಿ ಬತ್ತಿದೆ ಅಂದವನಿಗೆ ಅದೇ ಬಾವಿಯಿಂದ ಒಂದು ಕೊಡ ನೀರು ತಂದು ತೋರಿಸು ಅಂದ ಹಾಗಲ್ಲವೇ ಇದು? ಇದನ್ನು ಬರೆದವರು ಎಂದಾದರೂ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಒಂದು ಊರಿನಲ್ಲಿ ಫೋನು ಹಿಡಿದು ನಿಂತಿದ್ದಾರೆಯೇ? ಆದರೆ ಇವೆಲ್ಲ ನಾನು ಈಗ ಕೇಳುತ್ತಿರುವ ಪ್ರಶ್ನೆಗಳು. ಡಿಸೆಂಬರಿನಲ್ಲಿ ಆ ಸುತ್ತೋಲೆ ಓದಿ ನಾನು ಶಹಬ್ಬಾಸ್ ಅಂದಿದ್ದೆ. ತರಗತಿಯ ಗುಂಪಿಗೆ ಹಾಕಿ, ಇನ್ನು ಮೇಲೆ ಇಲಿ, ಕುರಿ ಯಾವುದೂ ನಡೆಯುವುದಿಲ್ಲ ಎಂದು ಕೆಳಗೆ ಬರೆದಿದ್ದೆ.

ಆ ತಿಂಗಳ ಅಸೈನ್‌ಮೆಂಟ್ ನಾನೇ ಕೊಟ್ಟದ್ದು. ಬಸವಣ್ಣನ ನಾಡಿನ ಮಕ್ಕಳು ನೀವು, ನಿಮ್ಮ ಮನೆಯ ಕಾಯಕದ ಬಗ್ಗೆ ಹತ್ತು ನಿಮಿಷದ ವಿಡಿಯೊ ಮಾಡಿ ಎಂದಿದ್ದೆ. ಗಡುವು ಡಿಸೆಂಬರ್ ಇಪ್ಪತ್ತೆಂಟು, ಸಂಜೆ ಐದು ಗಂಟೆ. ಸಿದ್ದೇಶ್ವರಿಯ ಕಡತ ಐದು ಗಂಟೆ ಎರಡು ನಿಮಿಷಕ್ಕೆ ತಲುಪಿತು. ಅವಳು ಏರಿಸಲು ಶುರು ಮಾಡಿದ್ದು ನಾಲ್ಕೂ ಇಪ್ಪತ್ತಕ್ಕೆ, ಕುರಿ ಮೇಯಿಸುತ್ತ, ಸಿಗ್ನಲ್ ಸಿಗುವ ಒಂದು ದಿಬ್ಬದ ಮೇಲೆ ನಿಂತು. ತಲುಪಿದಾಗ ಹಸಿರು ಗುರುತು ಬಂತು, 'ನಿಮ್ಮ ಕಡತ ತಲುಪಿದೆ' ಎಂಬ ಮಾತೂ ಬಂತು. ಅದು ತಲುಪಿದೆ ಅಂದರೆ ಸ್ವೀಕರಿಸಿದೆ ಅಂತ ಅರ್ಥವಲ್ಲ ಎಂದು ಕುರಿಗಾಹಿಯ ಮಗಳಿಗೆ ಹೇಗೆ ಗೊತ್ತಾಗಬೇಕು? ನನಗೇ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಆನ್‌ಲೈನ್ ಕಿರುಪರೀಕ್ಷೆ ಇತ್ತು. ಅದಕ್ಕೆ ನಿಮ್ಮ ಹೊಸ ಆ್ಯಪ್ ಬೇಕು, ಆ್ಯಪಿಗೆ ಫೋನಿನಲ್ಲಿ ಜಾಗ ಬೇಕು. ಹಿಂದಿನ ಸಂಜೆ, ಕಡತ ತಲುಪಿದ ಮೇಲೆ, ಸಿದ್ದೇಶ್ವರಿ ನನಗೆ ಫೋನು ಮಾಡಿದಳು.

"ಮೇಡಂ, ಫೋನಿನ್ಯಾಗ ಜಾಗ ಇಲ್ರಿ. ಒಂದೇ ದೊಡ್ಡ ವಿಡಿಯೊ ಅದ, ಈಗ ಕಳಿಸಿದ್ದ. ಅದನ್ನ ತೆಗದ್ರ ನಡೀತದೇನ್ರಿ?"

"ತೆಗಿ ಮತ್ತ. ಫೋನಿನ್ಯಾಗ ಏನ್ ಮನಿ ಆಸ್ತಿ ಇಟ್ಟೀ? ಕಸದ ಬುಟ್ಟಿನೂ ಖಾಲಿ ಮಾಡು, ಇಲ್ಲಂದ್ರ ಜಾಗ ಆಗಲ್ಲ."

"ಮತ್ತ ವಾಪಸ್ ಸಿಗ್ತದಲ್ರಿ, ಮೇಡಂ? ಖರೇನ?"

"ಪೋರ್ಟಲ್‌ದಾಗ ಇರ್ತದ. ಸರಕಾರಿ ಪೆಟಗಿ ಅದು, ನಿನ್ನ ಫೋನಿಗಿಂತ ಭದ್ರ. ಪರೀಕ್ಷೆ ಮುಗದಮ್ಯಾಲ ಇಳಿಸ್ಕೊ, ಯಾರ ಬ್ಯಾಡ ಅಂತಾರ?"

ಈ ಮಾತು ನನ್ನದು. ಇದರ ಒಂದಕ್ಷರವೂ ನಿಮ್ಮದಲ್ಲ. ಅವಳು ಎರಡು ಸಲ ಕೇಳಿದಳು, ಯಾಕೆ ಕೇಳುತ್ತಿದ್ದೀಯ ಎಂದು ನಾನು ಒಂದು ಸಲವೂ ಕೇಳಲಿಲ್ಲ.

ಪರೀಕ್ಷೆ ಮುಗಿಸಿ, ಆ್ಯಪ್ ತೆಗೆದು, ಹನ್ನೊಂದಕ್ಕೆ ಪೋರ್ಟಲ್ ತೆರೆದರೆ ಅವಳ ಕಡತದ ಮುಂದೆ 'ತಿರಸ್ಕೃತ' ಎಂದು ಕೆಂಪು ಅಕ್ಷರ. ತಿರಸ್ಕೃತವಾದದ್ದನ್ನು ಇಳಿಸಿಕೊಳ್ಳಲು ಬರುವುದಿಲ್ಲ. ಅವಳು ನನಗೆ ಬರೆದಳು: "ಮೇಡಂ, ಅಪ್ಪನ ವಿಡಿಯೊ ಪೋರ್ಟಲ್‌ದಾಗ ಉಳದಾದ್ರಿ. ಮಾರ್ಕ್ಸ್ ಬ್ಯಾಡ್ರಿ, ಅದೊಂದ ತೆಗಸಿ ಕೊಡ್ರಿ." ಅಂಕಕ್ಕಾಗಿ ಹೂಡಿದ ಹೊಸ ಆಟ ಎಂದುಕೊಂಡೆ. ಉತ್ತರವಾಗಿ ನಿಮ್ಮ ಸುತ್ತೋಲೆಯನ್ನೇ ಮತ್ತೊಮ್ಮೆ ಕಳಿಸಿದೆ. ನನ್ನ ಪರದೆಯಲ್ಲಿ 'ಮನ್ನಿಸು' ಗುಂಡಿ ಅಂದು ಸಂಜೆ ಐದರವರೆಗೆ ತೆರೆದೇ ಇತ್ತು. ಸ್ಕ್ರೀನ್‌ಶಾಟ್ ಇಲ್ಲದೆ ಒತ್ತಿದ್ದರೂ ಅದು ಒಪ್ಪಿಕೊಳ್ಳುತ್ತಿತ್ತಂತೆ, ನಮ್ಮ ಕಾಲೇಜಿನ ಕಂಪ್ಯೂಟರ್ ಆಪರೇಟರ್ ಮುಬಶ್ಶೀರ ಆಮೇಲೆ ಹೇಳಿದರು. ನಾನು ಆ ಮಧ್ಯಾಹ್ನ ಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ.

ಆ ದಿನದಿಂದ ಸಿದ್ದೇಶ್ವರಿ ತರಗತಿಯ ರೆಕಾರ್ಡಿಂಗ್ ಕೂಡ ತೆರೆಯಲಿಲ್ಲ. ನಾನು ಕರುಣೆಯಿಂದ ಅವಳ ಮನೆಗೆ ಹೋದೆ ಎಂದು ದಯವಿಟ್ಟು ತಿಳಿಯಬೇಡಿ. ಮೂರು ವಾರ ಬಾರದ ವಿದ್ಯಾರ್ಥಿಗಳಿಂದ ಒಂದು ಫಾರಂಗೆ ಸಹಿ ಮಾಡಿಸಿ ತರಬೇಕೆಂದು ನಿಮ್ಮ ಕೋಶವೇ ಆದೇಶಿಸಿತ್ತು, ಅದಕ್ಕೆ ಹೋದೆ. ಜನವರಿ ಕೊನೆಯ ವಾರ, ಬೀದರದಿಂದ ಭಾಲ್ಕಿಗೆ ಒಂದು ಬಸ್ಸು, ಅಲ್ಲಿಂದ ಮೆಹಕರಕ್ಕೆ ಇನ್ನೊಂದು. ಮನೆ ತೋರಿಸಿದವರು "ಕುರಿ ಮಡೆಪ್ಪನ ಮನೀನಾ? ಪಾಪ, ಮಾತ ಹೋಗ್ಯಾದ ಅವಂದು" ಅಂದರು. ಹಾಗೆ ನನಗೆ ಗೊತ್ತಾಯಿತು.

ಸಿದ್ದೇಶ್ವರಿಯ ತಂದೆ ಮಡೆಪ್ಪನಿಗೆ ಹೋದ ವರ್ಷದ ಮಳೆಗಾಲದಲ್ಲಿ ಲಕ್ವಾ ಹೊಡೆದಿದೆ. ಬಲಗೈ ಹೋಯಿತು, ಮಾತೂ ಹೋಯಿತು. ಮನೆಯಲ್ಲಿ ಅರವತ್ತು ಕುರಿ. ಕುರಿಗಳು ಯಾರ ಹಿಂದೆಯೂ ಹೋಗುತ್ತವೆ ಎಂದು ನಮ್ಮಂಥ ಪಟ್ಟಣದವರು ತಿಳಿದಿದ್ದೇವೆ. ಹಾಗಿಲ್ಲ. ಬೆಳಿಗ್ಗೆ ಹಟ್ಟಿಯ ಬಾಗಿಲು ತೆಗೆದು ಕುರಿಗಾಹಿ ಒಂದು ಕೂಗು ಹಾಕುತ್ತಾನೆ, ಒಬ್ಬೊಬ್ಬರದು ಒಂದೊಂದು ಬಗೆ. ಮಡೆಪ್ಪನದು ಮುಂದಾಳು ಕುರಿ ಕೆಂಚಿಯ ಹೆಸರಿನಿಂದ ಶುರುವಾಗಿ, ಉದ್ದಕ್ಕೆ ಎಳೆದು, ಮೈಲಾರಲಿಂಗನ 'ಏಳುಕೋಟಿ' ಜಯಘೋಷದಿಂದ ಮುಗಿಯುತ್ತಿತ್ತಂತೆ. ಹದಿನೈದು ವರ್ಷ ಆ ಕೂಗಿಗೇ ಹೊರಬಿದ್ದ ಹಿಂಡು ಅದು. ಹೆಂಡತಿ ಲಲಿತಾಬಾಯಿ ಕರೆದರೆ ಒಂದೂ ಕಾಲೆತ್ತಲಿಲ್ಲ. ಎರಡು ದಿನ ಉಪವಾಸ ನಿಂತವು. ಮೂರನೆಯ ದಿನ ಸಿದ್ದೇಶ್ವರಿಗೆ, ತಾನು ಹಿಂದೆಂದೋ ತಮಾಷೆಗೆ ಅಪ್ಪನ ಕೂಗನ್ನು ಫೋನಿನಲ್ಲಿ ವಿಡಿಯೊ ಮಾಡಿದ್ದು ನೆನಪಾಯಿತು. ಹಟ್ಟಿಯ ಬಾಗಿಲಲ್ಲಿ ನಿಂತು ಅದನ್ನು ಹಚ್ಚಿದಳು. ಅರವತ್ತೂ ಕುರಿ ಕಿವಿ ನಿಗುರಿಸಿ, ಕೆಂಚಿಯ ಹಿಂದೆ ಸಾಲುಗಟ್ಟಿ ಹೊರಗೆ ಬಂದವು.

ಅವತ್ತಿನಿಂದ ಆ ಮನೆಯ ಒಂದೇ ಫೋನು ಲಲಿತಾಬಾಯಿಯ ಉಡಿಯಲ್ಲಿ ಕುರಿಗಳ ಜೊತೆ ಹೋಗತೊಡಗಿತು. ಹತ್ತು ಗಂಟೆಗೆ ಹೋದರೆ ಹೊತ್ತು ಮುಳುಗುವಾಗ ಬರುತ್ತಿತ್ತು.

ಕಾಯಕದ ವಿಡಿಯೊ ಮಾಡು ಎಂದಾಗ ಆ ಹುಡುಗಿ ಅಪ್ಪನ ಕೂಗನ್ನೇ ಮೊದಲಿಗಿಟ್ಟು, ಅದಕ್ಕೆ ತನ್ನ ಮಾತು ಜೋಡಿಸಿದ್ದಳು. ಜೋಡಿಸಿದ ಮೇಲೆ ಜಾಗ ಸಾಲದೆ ಮೂಲದ ತುಣುಕನ್ನು ತೆಗೆದಳು, ಹೇಗೂ ಅಸೈನ್‌ಮೆಂಟಿನಲ್ಲಿ ಇದೆಯಲ್ಲ ಎಂದು. ಆಮೇಲೆ ಅಸೈನ್‌ಮೆಂಟನ್ನೂ ತೆಗೆದಳು, ಸರಕಾರಿ ಪೆಟ್ಟಿಗೆಯಲ್ಲಿ ಇದೆಯಲ್ಲ ಎಂದು.

"ಅಪ್ಪನ ಕೂಗ ಬಿಟ್ಟು ಕಳಿಸಿದ್ರ ಫೈಲ್ ಸಣ್ಣದಾಗಿ ಟೈಮಿಗಿ ಮುಟ್ಟತಿತ್ರಿ," ಅಂದಳು ಸಿದ್ದೇಶ್ವರಿ, ನೆಲ ನೋಡುತ್ತ. "ಖರೇ ಅಂದ್ರ, ನಿಮಗ ಕೇಳಸ್ಬೇಕಂತಿತ್ರಿ. ಫೋನ್ ಕುರಿ ಸಂಗಟ ಯಾಕ ಹೋಗ್ತದ ಅಂತ ನಿಮಗ ತಿಳೀಲಿ ಅಂತ."

ಚೀಲದಲ್ಲಿದ್ದ ಫಾರಂ ಅನ್ನು ಇನ್ನೂ ಒಳಕ್ಕೆ ತುರುಕಿದೆ.

"ಕುರಿ ಈಗ ಹ್ಯಾಂಗ ಹೋಗ್ತಾವ?" ಎಂದು ಕೇಳಿದೆ.

"ಹನ್ನೆರಡ ದಿನ ಭಾಳ ಪರೇಶಾನ ಮಾಡಿದ್ವುರಿ," ಲಲಿತಾಬಾಯಿ ಚಹಾದ ಬಸಿ ಮುಂದಿಡುತ್ತ ಹೇಳಿದಳು. "ಸೊಪ್ಪ ತಂದ ಹಾಕಿದ್ವಿ, ಕೆಂಚಿನ್ನ ಹಗ್ಗ ಹಾಕಿ ಎಳದ್ವಿ. ಈಗ ನನ್ನ ದನಿಗಿ ರೂಢಿ ಆದಾವ್ರಿ. ಕುರಿದು ಏನಿಲ್ರಿ ಮೇಡಂ, ಅವು ಮರೀತಾವ. ಇವ್ರಿಗೇ ಆಗವಲ್ದು."

ಮಡೆಪ್ಪ ಕಟ್ಟೆಯ ಮೇಲೆ ಗೋಡೆಗೆ ಆತು ಕೂತಿದ್ದ. ಮೊದಲೆಲ್ಲ ಬೆಳಿಗ್ಗೆ ಹಟ್ಟಿಯ ಕಡೆಯಿಂದ ತನ್ನದೇ ಕೂಗು ಕೇಳಿದಾಗ ಅವನು ಎಡಗೈ ಎತ್ತುತ್ತಿದ್ದನಂತೆ, ಹಿಂಡನ್ನು ಹೊರಡಿಸಿದವನು ತಾನೇ ಅನ್ನುವ ಹಾಗೆ. ಈಗ ಫೋನು ಮನೆಯಲ್ಲೇ ಇರುತ್ತದೆ. ಅವನು ಅದನ್ನು ಎಡಗೈಯಲ್ಲಿ ತೆಗೆದುಕೊಂಡ, ಹೆಬ್ಬೆರಳಿನಿಂದ ಎಲ್ಲೆಲ್ಲೋ ಒತ್ತಿದ, ಕಿವಿಗೆ ಹಿಡಿದುಕೊಂಡ. ಏನೂ ಕೇಳಲಿಲ್ಲ. ಇಳಿಸಿ ನೋಡಿದ, ಮತ್ತೆ ಒತ್ತಿದ, ಮತ್ತೆ ಹಿಡಿದ. ನಾನು ಚಹಾ ಮುಗಿಸುವವರೆಗೂ ಅದನ್ನೇ ಮಾಡುತ್ತಿದ್ದ. "ದಿನಾ ಹಿಂಗೇರಿ," ಅಂದಳು ಲಲಿತಾಬಾಯಿ. ಅವಳ ಮಾತಿನಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಇವತ್ತು ಸ್ವಲ್ಪ ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ. ನಿಮ್ಮ ಫಾರಂ ನನ್ನ ಚೀಲದಲ್ಲೇ ಉಳಿಯಿತು, ಕ್ಷಮಿಸಿ. ಬಸ್ಸಿನಲ್ಲಿ ಭಾಲ್ಕಿಯವರೆಗೂ ಅತ್ತೆ, ಪಕ್ಕದಲ್ಲಿದ್ದ ಹೆಂಗಸು ನನ್ನ ಮನೆಯಲ್ಲಿ ಯಾರೋ ತೀರಿಹೋಗಿದ್ದಾರೆಂದು ತಿಳಿದು ನೀರು ಕೊಟ್ಟಳು.

ಮರುದಿನ ಮುಬಶ್ಶೀರ ಪೋರ್ಟಲ್ ತೆರೆದು ಕಡತವನ್ನು ತೋರಿಸಿದರು. ಹೆಸರಿದೆ, ಗಾತ್ರವಿದೆ, ಐದು ಗಂಟೆ ಎರಡು ನಿಮಿಷ ಎಂಬ ಸಮಯವಿದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ತಿರಸ್ಕೃತ ಕಡತಗಳನ್ನು ತೊಂಬತ್ತು ದಿನಗಳ ನಂತರ ತೆಗೆಯಲಾಗುವುದು ಎಂದಿದೆ. "ಕಣ್ಣಿಗಿ ಕಾಣ್ತದ್ರಿ ಮೇಡಂ, ಕೈಗಿ ಸಿಗಂಗಿಲ್ಲ," ಅಂದರು. "ನಿರ್ದೇಶಕ ಸಾಹೇಬ್ರ ಲಾಗಿನ್‌ದಾಗ ಒಂದ ಕ್ಲಿಕ್ ಅದು. ಒಂದೇ ಒಂದು."

ಆ ಒಂದು ಕ್ಲಿಕ್ಕಿಗಾಗಿ ನಾನು ನಿಮಗೆ ಬರೆಯತೊಡಗಿದೆ. ಬಂದ ಉತ್ತರ ನನಗೆ ಬಾಯಿಪಾಠವಾಗಿದೆ: 'ನಿಮ್ಮ ಮನವಿ ಸರದಿಯಲ್ಲಿದೆ. ತಾಂತ್ರಿಕ ಕಾರಣಗಳಿಂದ ವಿಳಂಬವಾಗುತ್ತಿದೆ. ಸಹಕರಿಸಿ.' ತಾಂತ್ರಿಕ ಕಾರಣಗಳು! ಮಾನ್ಯರೇ, ಸ್ಕ್ರೀನ್‌ಶಾಟ್ ಎಲ್ಲಿ? ಫೋನು ಮಾಡಿದರೆ ನಿಮ್ಮ ಸಿಬ್ಬಂದಿ ಒಂದು ದಿನ ಸರ್ವರ್ ಬಿದ್ದಿದೆ ಅಂದರು, ಇನ್ನೊಂದು ದಿನ ಪಾಸ್‌ವರ್ಡ್ ಇರುವವರು ರಜೆಯಲ್ಲಿದ್ದಾರೆ ಅಂದರು, ಮಗದೊಂದು ದಿನ ಗಡುವು ಮೀರಿದ ಕಡತ ತೆರೆಯಲು ನಿಯಮವೇ ಇಲ್ಲ ಅಂದರು. ನಾನು ಹಳೆಯ ಶಶಿಕಲಾಳೇ ಆಗಿದ್ದರೆ ಇವನ್ನೆಲ್ಲ ತರಗತಿಯಲ್ಲಿ ರಾಗವಾಗಿ ಓದಿ ನಗಿಸುತ್ತಿದ್ದೆ. ಈಗ ನನಗೆ ಆ ಧೈರ್ಯವಿಲ್ಲ. ನಿಮ್ಮ ಸರ್ವರ್ ನಿಜವಾಗಿಯೂ ಬಿದ್ದಿರಬಹುದು, ಆ ರಜೆ ಹಾಕಿದವರ ಮನೆಯಲ್ಲೂ ಏನೋ ಆಗಿರಬಹುದು. ನಾನು ನಂಬುತ್ತೇನೆ. ನಂಬಿಯೂ ಕೇಳುತ್ತಿದ್ದೇನೆ.

'ಇವತ್ತಿನ ನೆಪ' ನಿಂತುಹೋಗಿದೆ. ಈಗ ಯಾರ ಕೆಲಸವಾದರೂ ತಡವಾದರೆ ನಾನೇ ಫೋನು ಮಾಡಿ, ಏನಾಯಿತಪ್ಪ ಎಂದು ಕೇಳುತ್ತೇನೆ. ಕೇಳಿದರೆ ಅರ್ಧ ಜನ ಈಗಲೂ ಸುಳ್ಳೇ ಹೇಳುತ್ತಾರೆ, ಹೇಳಲಿ. ಮೆಹಕರದಲ್ಲಿ ಕಂಡದ್ದನ್ನು, ಸಿದ್ದೇಶ್ವರಿಯ ಒಪ್ಪಿಗೆ ಪಡೆದು, ತರಗತಿಗೆ ಹೇಳಿದೆ. ಮುಂದಿನ ವಾರ ಗೋರಖನಾಥ ಎರಡು ದಿನ ನಾಪತ್ತೆ, ಕೆಲಸವನ್ನೂ ತಡವಾಗಿ ಒಪ್ಪಿಸಿದ. ಯಾಕೋ ಅಂದರೆ "ನೆಟ್‌ವರ್ಕ್ ಇರಲಿಲ್ರಿ ಮೇಡಂ" ಅಂದ. ಅವನು ಔರಾದದಿಂದ ಮೆಹಕರಕ್ಕೆ ಬೈಕಿನಲ್ಲಿ ಹೋಗಿ, ಅಳಿಸಿದ್ದನ್ನು ಹುಡುಕಿ ತೆಗೆಯುತ್ತವೆನ್ನುವ ಆ್ಯಪುಗಳನ್ನೆಲ್ಲ ಆ ಫೋನಿಗೆ ಹಾಕಿ, ಎರಡು ದಿನ ಮಡೆಪ್ಪನ ಕಟ್ಟೆಯ ಮೇಲೆ ಕೂತಿದ್ದನೆಂದು ಸಿದ್ದೇಶ್ವರಿಯಿಂದ ತಿಳಿಯಿತು. ಹಳೆಯ ಮದುವೆಯ ಫೋಟೊ ಸಿಕ್ಕವು, ಕೂಗು ಸಿಗಲಿಲ್ಲ. ಹೊರಡುವಾಗ ಅವಳ ಮುಂದೆ ಕೈಮುಗಿದು "ಕುರಿ ಅಟೆಂಡೆನ್ಸ್ ಅಂದಾಂವ ನಾನೇ ಅಕ್ಕ" ಅಂದನಂತೆ.

ಆದ್ದರಿಂದ ಉಳಿದಿರುವುದು ನಿಮ್ಮಲ್ಲಿರುವ ಪ್ರತಿ ಮಾತ್ರ. ಅಂಕ ಕೇಳುತ್ತಿಲ್ಲ, ಅವಳ ಸೊನ್ನೆಯನ್ನು ನೀವು ಇಟ್ಟುಕೊಳ್ಳಿ. ನಿಯಮ ಬದಲಿಸಿ ಎಂದು ಇನ್ನೊಂದು ದಿನ ಜಗಳ ತೆಗೆಯುತ್ತೇನೆ, ಇವತ್ತಲ್ಲ. ನನ್ನ ಮೇಲೆ ಶಿಸ್ತು ಕ್ರಮ ಜರುಗಿಸುವುದಿದ್ದರೆ ಜರುಗಿಸಿ, ಪತ್ರಿಕೆಗೆ ಬರೆದದ್ದಕ್ಕಲ್ಲ, ಆ ಗುಂಡಿ ಒತ್ತದೆ ಅವರೆಕಾಯಿ ಸುಲಿದದ್ದಕ್ಕೆ. ನನ್ನ ಬೇಡಿಕೆ ಇಷ್ಟೇ: ಮಾರ್ಚ್ ಇಪ್ಪತ್ತೆಂಟರ ಸಂಜೆ ಐದರೊಳಗೆ ಆ ಕಡತವನ್ನು ತೆರೆದು ಮೆಹಕರದ ಆ ಮನೆಗೆ ಕಳಿಸಿಕೊಡಿ. ಐದು ಗಂಟೆ ಎರಡು ನಿಮಿಷಕ್ಕೆ ತೆರೆದರೆ ಅಲ್ಲಿ ಏನೂ ಇರುವುದಿಲ್ಲ.

ಒಂದು ವೇಳೆ ತೆರೆದರೆ, ತೆರೆದ ಮೇಲೆ ತಾವೂ ಒಮ್ಮೆ ಕೇಳಿ. ನಾನು ಕೇಳಿಲ್ಲ, ಸಿದ್ದೇಶ್ವರಿ ಹೇಳಿದ್ದಷ್ಟೇ ಗೊತ್ತು. ಮಡೆಪ್ಪ ಕೆಂಚಿಯನ್ನು ಕರೆಯುತ್ತಾನೆ, ಏಳುಕೋಟಿ ಅನ್ನುತ್ತಾನೆ, ಕುರಿಗಳು ಹೊರಡುತ್ತವೆ. ಆಮೇಲೆ ಫೋನು ಹಿಡಿದು ನಿಂತ ಮಗಳ ಕಡೆ ತಿರುಗುತ್ತಾನೆ. ಅವನ ಬಾಯಿಂದ ಬಂದು ಎಲ್ಲಾದರೂ ಉಳಿದಿರುವ ಕೊನೆಯ ಮಾತು ಅದೇ, ಅದೂ ನಿಮ್ಮ ಪೆಟ್ಟಿಗೆಯಲ್ಲಿ:

"ಸಾಕ ಬಿಡವ್ವ, ಎಷ್ಟ ವಿಡಿಯೊ ತೆಗೀತಿ. ನಡಿ ಲಗೂ, ಕಾಲೇಜಿಗಿ ತಡ ಆಗ್ತದ."

ಇಂತಿ,
ಎಲ್ಲರಿಗಿಂತ ತಡವಾಗಿ ನಂಬಿದ,
ಅದಕ್ಕೆ ಯಾವ ನೆಪವೂ ಇಲ್ಲದ,
ಶಶಿಕಲಾ
ಸಮಾಜಶಾಸ್ತ್ರ ಉಪನ್ಯಾಸಕಿ, ಬೀದರ